ಚಿಕ್ಕಮಗಳೂರಿನಲ್ಲಿ ಕಟ್ಟಿಸಿದ ಸ್ಟ್ರೀಮರ್‌ಗಳು, ನುಂದ್‌ಕೋಲ್‌ನ ಕಂದು ಟ್ರೌಟ್‌ಗಳು

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಿಂದ ಒಳಕ್ಕೆ ತಿರುಗುವ ಅಡ್ಡಬೀದಿಯೊಂದರಲ್ಲಿ, ಹೊಲಿಗೆ ಯಂತ್ರ ರಿಪೇರಿ ಮಾಡುವ ಅಂಗಡಿಯ ಮೇಲಿನ ಮಹಡಿಯಲ್ಲಿ, ಮೀನಿನ ಫ್ಲೈಗಳನ್ನು, ಅಂದರೆ ಕೊಕ್ಕೆಗೆ ಗರಿ-ಕೂದಲು ಸುತ್ತಿ ಮಾಡುವ ಕೃತಕ ಎರೆಗಳನ್ನು, ಕೈಯಲ್ಲಿ ಕಟ್ಟಿಕೊಡುವ ಒಂದು ಸಣ್ಣ ಕೋಣೆಯಿದೆ. ಬೋರ್ಡು ಇಲ್ಲ, ಜಾಹೀರಾತು ಇಲ್ಲ. ಗಾಳ ಹಿಡಿಯುವವರು ಒಬ್ಬರಿಂದೊಬ್ಬರು ಕೇಳಿ ತಿಳಿದು ಮೆಟ್ಟಿಲು ಹತ್ತುತ್ತಾರೆ. ಕಳೆದ ಮಳೆಗಾಲದಲ್ಲಿ ನಾನು ಅಲ್ಲಿ ಹದಿನೆಂಟು ಸ್ಟ್ರೀಮರ್‌ಗಳನ್ನು ಕಟ್ಟಲು ಹೇಳಿ, ಅವನ್ನು ಮೊದಲು ನಮ್ಮ ತೋಟದ ಕೆರೆಯಲ್ಲಿ, ಆಮೇಲೆ ಸೆಪ್ಟೆಂಬರ್‌ನಲ್ಲಿ ಕಾಶ್ಮೀರದ ನುಂದ್‌ಕೋಲ್ ಸರೋವರದಲ್ಲಿ ಬಳಸಿ ನೋಡಿದೆ. ಎರಡೂ ನೀರಿನಲ್ಲಿ ಅವು ಹೇಗೆ ನಡೆದುಕೊಂಡವು, ಎಲ್ಲಿ ಕೈಕೊಟ್ಟವು, ಕೊಟ್ಟ ಹಣಕ್ಕೆ ಬೆಲೆ ಸಿಕ್ಕಿತೇ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಲೆನಾಡಿನಲ್ಲಿ ಕುಳಿತು, ತಣ್ಣೀರಿನ ಮೀನಾದ ಟ್ರೌಟ್ ಹಿಡಿಯುವ ಸಾಮಾನು ಸಿದ್ಧಮಾಡಿಕೊಳ್ಳುವ ಬೇರೆಯವರಿಗೆ ಇದು ಉಪಯೋಗಕ್ಕೆ ಬಂದೀತು ಎಂಬ ಭರವಸೆ ನನಗಿದೆ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಸಾಮಾನ್ಯ ಗಾಳದಲ್ಲಿ ಸೀಸದ ಗುಂಡಿನ ಭಾರ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ದಾರಕ್ಕೇ, ಅಂದರೆ ಲೈನಿಗೇ, ಭಾರವಿರುತ್ತದೆ. ನಾನು ಬಳಸುವ ಏಳನೇ ತೂಕದ ಲೈನಿನ ಮೊದಲ 30 ಅಡಿ ಸುಮಾರು 12 ಗ್ರಾಂ ತೂಗುತ್ತದೆ, ಆ ತೂಕವೇ ಹಗುರವಾದ ಫ್ಲೈಯನ್ನು ದೂರಕ್ಕೆ ಒಯ್ಯುತ್ತದೆ. ಹೆಚ್ಚಿನ ಫ್ಲೈಗಳು ನೀರಿನ ಹುಳುಗಳನ್ನು ಹೋಲುವಂತೆ ಕಟ್ಟಿದವು. ಸ್ಟ್ರೀಮರ್ ಹಾಗಲ್ಲ, ಅದು ಸಣ್ಣ ಮೀನನ್ನು ಹೋಲುತ್ತದೆ. ನೀರೊಳಗೆ ಮುಳುಗಿಸಿ, ಎಡಗೈಯಿಂದ ಲೈನನ್ನು ಗೇಣು ಗೇಣಾಗಿ ಎಳೆಯುತ್ತಾ ಅದಕ್ಕೆ ಜೀವ ಕೊಡಬೇಕು.

ಕಂದು ಟ್ರೌಟ್‌ಗೆ ಸ್ಟ್ರೀಮರ್ ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಆ ಮೀನಿನ ಹೊಟ್ಟೆಯಲ್ಲಿದೆ. ಚಿಕ್ಕದಿರುವಾಗ ಹುಳುಹುಪ್ಪಟೆಗಳನ್ನು ತಿಂದು ಬೆಳೆಯುವ ಈ ಮೀನು ಒಂದಡಿಯ ಆಸುಪಾಸಿಗೆ ಬಂದ ಮೇಲೆ, ನೀರಿನಲ್ಲಿ ಬೇರೆ ಮೀನುಗಳಿದ್ದರೆ, ಅವುಗಳ ಕಡೆ ತಿರುಗುತ್ತದೆ. ತನ್ನದೇ ಜಾತಿಯ ಮರಿಗಳನ್ನೂ ಬಿಡುವುದಿಲ್ಲ. ದೊಡ್ಡ ಕಂದು ಟ್ರೌಟ್ ಹಗಲಿನಲ್ಲಿ ಆಳದಲ್ಲೋ ಬಂಡೆಯ ನೆರಳಿನಲ್ಲೋ ಅಡಗಿದ್ದು, ಬೆಳಕು ಕುಂದಿದ ಮೇಲೆ ದಡದ ಕಡೆ ಬೇಟೆಗೆ ಬರುತ್ತದೆ. ಅಂಥ ಮೀನಿಗೆ ಸೊಳ್ಳೆಯಷ್ಟು ದೊಡ್ಡ ಫ್ಲೈ ತೋರಿಸಿದರೆ ಅದು ಏಳುವುದಿಲ್ಲ. ಒಂದು ತುತ್ತು ಎನ್ನಿಸುವಂಥದ್ದು ಬೇಕು. ಸಣ್ಣ ಸರೋವರದಲ್ಲಿ ಇದಕ್ಕೆ ಇನ್ನೊಂದು ಕಾರಣ ಸೇರಿಕೊಳ್ಳುತ್ತದೆ. ನದಿಯಲ್ಲಿ ಹರಿವು ಆಹಾರವನ್ನು ಮೀನಿನ ಬಾಯಿಗೆ ತಂದುಕೊಡುತ್ತದೆ, ನಿಂತ ನೀರಿನಲ್ಲಿ ಮೀನೇ ಸುತ್ತಾಡಿ ಹುಡುಕಬೇಕು. ಹೀಗಾಗಿ ಫ್ಲೈ ಕೂಡ ಅದರ ದಾರಿಗೆ ಅಡ್ಡ ಹೋಗಬೇಕು, ಸರಿಯಾದ ಆಳದಲ್ಲಿ ಹೋಗಬೇಕು, ಎಳೆಯುವುದನ್ನು ನಿಲ್ಲಿಸಿದಾಗಲೂ ಸತ್ತಂತೆ ಕಾಣಬಾರದು. ಈ ಮೂರನೆಯ ಮಾತೇ ಮುಖ್ಯ. ಈ ಕೋಣೆಯಲ್ಲಿ ಕಟ್ಟಿದ ಫ್ಲೈಗಳ ಗುಣವೂ ದೋಷವೂ ನನಗೆ ತಿಳಿದದ್ದು ಅದರಿಂದಲೇ.

ನಮ್ಮ ಜಿಲ್ಲೆಯಲ್ಲಿ ಟ್ರೌಟ್ ಇಲ್ಲ, ಇರುವುದಕ್ಕೆ ನಮ್ಮ ನೀರು ಬಿಡುವುದೂ ಇಲ್ಲ. ನೀರಿನ ಉಷ್ಣಾಂಶ 20 ಡಿಗ್ರಿ ದಾಟಿದರೆ ಕಂದು ಟ್ರೌಟ್ ಮೇಯುವುದನ್ನು ಕಡಿಮೆ ಮಾಡುತ್ತದೆ, 25ರ ಹತ್ತಿರಕ್ಕೆ ಹೋದರೆ ಅದಕ್ಕೆ ಬದುಕುವುದೇ ಕಷ್ಟ. ಮುಳ್ಳಯ್ಯನಗಿರಿಯ ತಪ್ಪಲಿನ ಕೆರೆಗಳು ಕೂಡ ಬೇಸಿಗೆಯಲ್ಲಿ ಅದಕ್ಕಿಂತ ಬೆಚ್ಚಗಾಗುತ್ತವೆ. ನಮಗೆ ಹತ್ತಿರದ ಟ್ರೌಟ್ ನೀಲಗಿರಿಯಲ್ಲಿದೆ, ಆದರೆ ಅಲ್ಲಿ ನೆಲೆನಿಂತದ್ದು ರೇನ್‌ಬೋ ಟ್ರೌಟ್. ಕಂದು ಟ್ರೌಟ್ ಬೇಕೆಂದರೆ ಹಿಮಾಲಯಕ್ಕೇ ಹೋಗಬೇಕು. ಕಾಶ್ಮೀರಕ್ಕೆ ಅದರ ಮೊಟ್ಟೆಗಳು ಸ್ಕಾಟ್ಲೆಂಡಿನಿಂದ 1900ರಲ್ಲಿ ಬಂದು ಯಶಸ್ವಿಯಾಗಿ ಮರಿಯಾದವು. ಇಂದು ಹರಮುಖ್ ಪರ್ವತದ ಬುಡದ ಸರೋವರಗಳಲ್ಲಿ ಸಿಗುವವು ಆ ವಂಶದವು.

ಇನ್ನು ಅಂಗಡಿಯ ವಿಷಯ. ಕೋಣೆಯಲ್ಲಿ ಒಂದು ಮೇಜು, ಕೊಕ್ಕೆಯನ್ನು ಕಚ್ಚಿ ಹಿಡಿಯುವ ಎರಡು ವೈಸ್, ಬಿಸ್ಕತ್ತಿನ ಡಬ್ಬಗಳಲ್ಲಿ ಬಣ್ಣಬಣ್ಣದ ಗರಿ, ಕಿಟಕಿಯ ಬಳಿ ನೀರು ತುಂಬಿದ ಗಾಜಿನ ತೊಟ್ಟಿ. ಕಟ್ಟುವವರು ಮಧ್ಯವಯಸ್ಸಿನವರು, ಮಾತು ಕಡಿಮೆ. ನಾನು ಹೋಗಿ ‘ಟ್ರೌಟ್‌ಗೆ ಸ್ಟ್ರೀಮರ್ ಬೇಕು’ ಎಂದಾಗ ಅವರು ಬಣ್ಣ ಕೇಳಲಿಲ್ಲ, ಬೆಲೆ ಹೇಳಲಿಲ್ಲ. ನೀರು ಎಷ್ಟು ಆಳ, ತಳ ಕಲ್ಲೋ ಕೆಸರೋ, ಲೈನ್ ತೇಲುವುದೋ ಮುಳುಗುವುದೋ, ದಡದಿಂದ ಎಸೆಯುತ್ತೀರೋ ದೋಣಿಯಿಂದಲೋ ಎಂದು ಒಂದೊಂದಾಗಿ ಕೇಳಿ ಹಾಳೆಯಲ್ಲಿ ಬರೆದುಕೊಂಡರು. ಆನ್‌ಲೈನಿನಲ್ಲಿ ಫ್ಲೈ ತರಿಸಿದ ಇಷ್ಟು ವರ್ಷಗಳಲ್ಲಿ ನನ್ನನ್ನು ಯಾರೂ ಕೇಳದ ಪ್ರಶ್ನೆಗಳಿವು. ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಗೊತ್ತಿಲ್ಲದೆ ಕಟ್ಟಿದ ಸ್ಟ್ರೀಮರ್ ನೋಡಲು ಎಷ್ಟೇ ಚೆಂದವಿದ್ದರೂ ಪೆಟ್ಟಿಗೆಯಲ್ಲಿ ಉಳಿಯುತ್ತದೆ ಎಂಬುದು ನನ್ನ ಅನುಭವ.

ಅವರು ಬಳಸುವ ಸಾಮಗ್ರಿಯ ಬಗ್ಗೆ ವಿವರವಾಗಿಯೇ ಹೇಳಬೇಕು. ಪಶ್ಚಿಮದ ಪುಸ್ತಕಗಳಲ್ಲಿರುವ ಸ್ಟ್ರೀಮರ್‌ಗಳಲ್ಲಿ ಅರ್ಧಕ್ಕರ್ಧ ಜಿಂಕೆಯ ಕೂದಲಿನಿಂದ ಕಟ್ಟಿದವು, ಹಳೆಯ ಮಾದರಿಗಳಲ್ಲಿ ಕೆನ್ನೆಯ ಜಾಗಕ್ಕೆ ಬೂದು ಕಾಡುಕೋಳಿಯ ಕುತ್ತಿಗೆಯ ಗರಿಯನ್ನು ಇಡುತ್ತಿದ್ದರು. ನಮ್ಮ ತೋಟಗಳಲ್ಲಿ ಬೆಳಗಿನ ಜಾವ ಕೂಗುವ ಹುಂಜವೇ ಅದು. ಅದರ ಕತ್ತಿನ ಗರಿಯ ತುದಿಯಲ್ಲಿ ಅರಗು ಹಚ್ಚಿದಂತೆ ಹೊಳೆಯುವ ಹಳದಿ-ಬಿಳಿ ಚುಕ್ಕೆಗಳಿರುತ್ತವೆ; ನೀರಿನಲ್ಲಿ ಅವು ಮರಿಮೀನಿನ ಕಣ್ಣಿನಂತೆ ಕಾಣುತ್ತವೆ ಎಂಬ ಕಾರಣಕ್ಕೆ ಒಂದು ಕಾಲದಲ್ಲಿ ಇಡೀ ಯುರೋಪು ಈ ಗರಿಗಾಗಿ ದಕ್ಷಿಣ ಭಾರತದತ್ತ ನೋಡುತ್ತಿತ್ತು. ಈಗ ಈ ಹಕ್ಕಿಯೂ ಜಿಂಕೆಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ತೋಟದಲ್ಲಿ ಬಿದ್ದು ಸಿಕ್ಕಿತೆಂದು ಯಾರಾದರೂ ಕಾಡುಕೋಳಿಯ ಗರಿ ತಂದುಕೊಟ್ಟರೆ ಇವರು ಮುಟ್ಟುವುದಿಲ್ಲ, ವಾಪಸು ಕಳಿಸುತ್ತಾರೆ. ಈ ಒಂದು ಕಾರಣಕ್ಕಾಗಿಯೇ ನಾನು ಮೊದಲ ಆರ್ಡರ್ ಕೊಟ್ಟೆ ಎಂದರೂ ತಪ್ಪಿಲ್ಲ.

ಅವುಗಳ ಬದಲಿಗೆ ಇವರು ಬಳಸುವುದು ನಾಟಿ ಹುಂಜದ ಗರಿ, ಮೇಕೆಯ ಕೂದಲು, ಕುರಿಯ ಉಣ್ಣೆ, ಸಾಕಿದ ಮೊಲದ ಚರ್ಮ ಮತ್ತು ಟರ್ಕಿ ಕೋಳಿಯ ಪುಕ್ಕ. ನಾಟಿ ಹುಂಜದ ಗರಿ ಎಂದರೆ ಕಡಿಮೆ ದರ್ಜೆಯದು ಎಂದು ಭಾವಿಸಬೇಕಿಲ್ಲ. ತೇಲುವ ಫ್ಲೈಗೆ ಬೇಕಾದ ಬಿರುಸು ಎಳೆಗಳ ಗರಿ ಅದರಲ್ಲಿ ಸಿಗುವುದಿಲ್ಲ ಎಂಬುದು ನಿಜ. ಆದರೆ ಸ್ಟ್ರೀಮರ್‌ಗೆ ಬೇಕಾದದ್ದು ನೀರು ಕುಡಿದು ಮೆತ್ತಗಾಗಿ ಉಸಿರಾಡುವಂತೆ ಅಲುಗುವ ಅಗಲ ಗರಿ, ಅದು ನಾಟಿ ಹುಂಜದ ಬೆನ್ನಿನ ಮೇಲೆ ಬೇಕಾದಷ್ಟಿದೆ. ಸಂತೆಯಿಂದ ತಂದ ಗರಿಯನ್ನು ಸೋಪಿನ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಉದ್ದಕ್ಕೆ ತಕ್ಕಂತೆ ಬೇರ್ಪಡಿಸಿ ಕಾಗದದ ಲಕೋಟೆಗಳಲ್ಲಿ ಇಟ್ಟಿದ್ದರು.

ನನ್ನ ಆರ್ಡರ್‌ನಲ್ಲಿ ನಾಲ್ಕು ಬಗೆಗಳಿದ್ದವು: ವೂಲಿ ಬಗ್ಗರ್ ಎಂಟು, ಕ್ಲೌಸರ್ ಮಿನ್ನೋ ನಾಲ್ಕು, ಉಣ್ಣೆಯ ತಲೆಯ ಮಡ್ಲರ್ ನಾಲ್ಕು, ಜೋಂಕರ್ ಎರಡು. ಬೆಲೆ ಒಂದಕ್ಕೆ 140 ರೂಪಾಯಿಯಿಂದ 260 ರೂಪಾಯಿವರೆಗೆ. ಮೂರು ವಾರದಲ್ಲಿ ಕೊಡುವ ಮಾತಿತ್ತು, ಐದು ವಾರವಾಯಿತು. ಮಳೆಗಾಲದಲ್ಲಿ ಕರೆಂಟು ಹೋಗುವ ಊರಿನಲ್ಲಿ ಎರಡು ವಾರ ತಡವಾದದ್ದನ್ನು ನಾನು ದೊಡ್ಡದು ಮಾಡುವುದಿಲ್ಲ, ಆದರೆ ಪ್ರವಾಸದ ದಿನಾಂಕ ಹತ್ತಿರವಿರುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡು ಮೊದಲೇ ಹೇಳಿಡುವುದು ಒಳ್ಳೆಯದು.

ಫ್ಲೈಗಳು ಕೈಗೆ ಬಂದ ದಿನವೇ ಅವನ್ನು ಕಾಫಿ ತೊಳೆಯುವ ಸಿಮೆಂಟಿನ ತೊಟ್ಟಿಗೆ ಒಯ್ದೆ. ಆ ಕಾಲದಲ್ಲಿ ಪಲ್ಪಿಂಗ್ ಕೆಲಸವಿಲ್ಲದ್ದರಿಂದ ತೊಟ್ಟಿಯಲ್ಲಿ ತಿಳಿಯಾದ ಮಳೆನೀರು ನಿಂತಿತ್ತು, ನಾಲ್ಕಡಿ ಆಳ, ತಳ ಬೂದು ಬಣ್ಣ. ಒಂದು ಗಜ ನೈಲಾನ್ ದಾರ ಕಟ್ಟಿ ಒಂದೊಂದನ್ನೇ ಇಳಿಸಿ ನೋಡಿದೆ. ಕೊಳ್ಳುವ ಮುನ್ನ ಯಾರೇ ಆಗಲಿ ಮಾಡಲೇಬೇಕಾದ ಪರೀಕ್ಷೆ ಇದು, ಏಕೆಂದರೆ ಒಣಗಿರುವಾಗ ಸ್ಟ್ರೀಮರ್ ತನ್ನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಮೊದಲು ಇಳಿಸಿದ್ದು ಆಲಿವ್ ಬಣ್ಣದ ವೂಲಿ ಬಗ್ಗರ್. ಅಮೆರಿಕದ ಪೆನ್ಸಿಲ್ವೇನಿಯಾದ ರಸೆಲ್ ಬ್ಲೆಸಿಂಗ್ ಎಂಬವರು 1967ರಲ್ಲಿ ರೂಪಿಸಿದ ಈ ಮಾದರಿ ನೋಡಲು ಯಾವ ಮೀನಿನಂತೆಯೂ ಇಲ್ಲ: ಟರ್ಕಿ ಪುಕ್ಕದ ಬಾಲ, ಮಖಮಲ್ಲಿನಂಥ ಷನೀಲ್ ದಾರದ ಮೈ, ಅದರ ಮೇಲೆ ಸುರುಳಿಯಾಗಿ ಸುತ್ತಿದ ಹುಂಜದ ಗರಿ, ಅಷ್ಟೇ. ನೀರಿಗೆ ಬಿದ್ದೊಡನೆ ಬಾಲದ ಎಳೆಗಳೆಲ್ಲ ಒಂದಕ್ಕೊಂದು ಅಂಟಿ ತೆಳ್ಳಗೆ ಚೂಪಾದವು. ದಾರವನ್ನು ಎರಡು ಇಂಚು ಎಳೆದು ಬಿಟ್ಟಾಗ ಆ ಬಾಲ ಮೆಲ್ಲಗೆ ಬಿಚ್ಚಿಕೊಂಡು ಮತ್ತೆ ಮುಚ್ಚಿಕೊಂಡಿತು. ಮೈಯ ಸುತ್ತಲಿನ ಗರಿಯ ಎಳೆಗಳು ಹಿಂದಕ್ಕೆ ಮಲಗಿ, ಎಳೆತ ನಿಂತ ಕ್ಷಣ ಒಂದೊಂದಾಗಿ ಎದ್ದು ನಿಂತವು. ಫ್ಲೈ ಮುಂದೆ ಹೋಗದೆ ನಿಂತಲ್ಲೇ ಇಳಿಯುತ್ತಿದ್ದರೂ ಅದರ ಮೈಯೆಲ್ಲ ಚಲನೆಯಲ್ಲಿತ್ತು. ನಾಟಿ ಹುಂಜದ ಗರಿಯ ಮೇಲೆ ನನಗಿದ್ದ ಸಂಶಯ ಆ ತೊಟ್ಟಿಯ ಬಳಿಯೇ ಹೋಯಿತು. ಗರಿಯ ಮೇಲೆ ಎದುರು ದಿಕ್ಕಿನಲ್ಲಿ ತೆಳುವಾದ ತಾಮ್ರದ ತಂತಿ ಸುತ್ತಿದ್ದರು. ಮೀನಿನ ಹಲ್ಲಿಗೆ ಗರಿಯ ನಡುದಂಟು ಒಂದೆಡೆ ಕತ್ತರಿಸಿದರೂ ಪೂರ್ತಿ ಬಿಚ್ಚಿಹೋಗದಂತೆ ಹಿಡಿಯುವುದು ಆ ತಂತಿಯ ಕೆಲಸ. ಅಗ್ಗದ ಪೆಟ್ಟಿಗೆ ಫ್ಲೈಗಳಲ್ಲಿ ಮೊದಲು ಉಳಿತಾಯವಾಗುವುದು ಈ ತಂತಿಯೇ.

ಅದೇ ಬಗ್ಗರ್‌ಗಳಲ್ಲಿ ದೋಷವೂ ಕಂಡಿತು. ಎಂಟರಲ್ಲಿ ಮೂರರ ತಲೆಯ ಮೇಲಿನ ವಾರ್ನಿಷ್ ಬೆಳ್ಳಗೆ ಮಂಜುಗಟ್ಟಿದಂತಿತ್ತು, ಉಗುರಿನಿಂದ ಒತ್ತಿದರೆ ಇನ್ನೂ ಅಂಟಂಟು. ತೇವಾಂಶ ಹೆಚ್ಚಿರುವ ಗಾಳಿಯಲ್ಲಿ ಈ ಬಗೆಯ ವಾರ್ನಿಷ್ ಒಣಗುವಾಗ ಹೀಗೆ ಬಿಳಿಚಿಕೊಳ್ಳುತ್ತದೆ, ಜುಲೈ ತಿಂಗಳ ಮಲೆನಾಡಿನ ಗಾಳಿಯ ಬಗ್ಗೆ ಹೇಳುವುದೇ ಬೇಡ. ಕೆರೆಯಲ್ಲಿ ಹತ್ತಿಪ್ಪತ್ತು ಸಲ ಎಸೆಯುವಷ್ಟರಲ್ಲಿ ಮೂರರಲ್ಲಿ ಎರಡರ ದಾರ ಬಿಚ್ಚಿಕೊಳ್ಳತೊಡಗಿತು. ವಾಪಸು ಒಯ್ದು ತೋರಿಸಿದೆ. ಅವರು ವಾದಿಸಲಿಲ್ಲ, ಮೂರನ್ನೂ ಬ್ಲೇಡಿನಿಂದ ತಲೆಯವರೆಗೆ ಬಿಡಿಸಿ, ಹೊಸ ದಾರ ಸುತ್ತಿ, ಈ ಸಲ ನೇರಳಾತೀತ ದೀಪದ ಬೆಳಕಿನಲ್ಲಿ ಗಟ್ಟಿಯಾಗುವ ರಾಳ ಹಚ್ಚಿ, ಅರ್ಧ ಗಂಟೆಯಲ್ಲಿ ಕೈಗಿಟ್ಟರು, ಹಣ ತೆಗೆದುಕೊಳ್ಳಲಿಲ್ಲ. ಆ ರಾಳಕ್ಕೆ ಮಳೆಗಾಲದ ಚಿಂತೆಯಿಲ್ಲ. ಮಳೆಗಾಲದಲ್ಲಿ ಕಟ್ಟಿಸುವವರು ‘ವಾರ್ನಿಷ್ ಬೇಡ, ರಾಳ ಹಚ್ಚಿ’ ಎಂದು ಮೊದಲೇ ಸ್ಪಷ್ಟವಾಗಿ ಹೇಳಬೇಕು. ಕೇಳದಿದ್ದರೆ ಅವರು ಹಳೆಯ ಅಭ್ಯಾಸದಂತೆ ವಾರ್ನಿಷ್ಷನ್ನೇ ಹಚ್ಚುತ್ತಾರೆ.

ಕ್ಲೌಸರ್ ಮಿನ್ನೋಗಳದು ಬೇರೆ ಕಥೆ. ಪೆನ್ಸಿಲ್ವೇನಿಯಾದವರೇ ಆದ ಬಾಬ್ ಕ್ಲೌಸರ್ 1980ರ ದಶಕದಲ್ಲಿ ಸಸ್ಕ್ವೆಹಾನಾ ನದಿಯ ಬಾಸ್ ಮೀನಿಗಾಗಿ ಕಟ್ಟಿದ ಈ ಮಾದರಿಯಲ್ಲಿ ಡಂಬೆಲ್ಲಿನಾಕಾರದ ಲೋಹದ ಕಣ್ಣುಗಳನ್ನು ಕೊಕ್ಕೆಯ ದಂಡಿನ ಮೇಲ್ಭಾಗದಲ್ಲಿ ಕಟ್ಟುತ್ತಾರೆ. ಆ ಭಾರಕ್ಕೆ ಕೊಕ್ಕೆ ನೀರಿನಲ್ಲಿ ಮಗುಚಿ, ಮೊನೆ ಮೇಲಕ್ಕೆ ತಿರುಗುತ್ತದೆ. ಹೀಗಾಗಿ ತಳದ ಕಲ್ಲಿಗೋ ಕಸಕ್ಕೋ ಸಿಕ್ಕಿಕೊಳ್ಳುವುದು ಕಡಿಮೆ, ಎಳೆದಾಗ ಏರಿ ನಿಲ್ಲಿಸಿದಾಗ ಮೂಗು ಕೆಳಗಾಗಿ ಬೀಳುತ್ತದೆ. ಜಿಂಕೆಯ ಬಾಲದ ಕೂದಲಿನ ಬದಲಿಗೆ ಇವರು ಮೇಕೆಯ ಕೂದಲು ಹಾಕಿದ್ದರು, ಸೀಸದ ಬದಲಿಗೆ ಹಿತ್ತಾಳೆಯ ಕಣ್ಣು. ಹಿತ್ತಾಳೆಯ ಆಯ್ಕೆ ಒಳ್ಳೆಯದು, ಸೀಸ ನೀರಿಗೂ ಹಕ್ಕಿಗಳಿಗೂ ವಿಷ. ಮೇಕೆಯ ಕೂದಲು ಮಾತ್ರ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಅದು ನಯವಾಗಿ ಹರಿಯುತ್ತದೆ, ಆದರೆ ಜಿಂಕೆಯ ಕೂದಲಿನ ಬಿರುಸು ಅದಕ್ಕಿಲ್ಲದ ಕಾರಣ ಎಸೆಯುವಾಗ ಕೊಕ್ಕೆಯ ಬಾಗಿಗೆ ಸುತ್ತಿಕೊಳ್ಳುತ್ತದೆ. ನಾಲ್ಕೈದು ಎಸೆತಕ್ಕೊಮ್ಮೆ ಬಿಡಿಸಬೇಕಾಯಿತು. ನಾಲ್ಕರಲ್ಲಿ ಒಂದರ ಕಣ್ಣುಗಳು ಕೊಕ್ಕೆಯ ರಂಧ್ರಕ್ಕೆ ತೀರ ಹತ್ತಿರವಾಗಿದ್ದವು. ಗಂಟು ಹಾಕಲು ಜಾಗವೇ ಇರಲಿಲ್ಲ, ತೊಟ್ಟಿಯಲ್ಲಿ ಅದು ಮಗುಚುವ ಬದಲು ಒಂದು ಪಕ್ಕಕ್ಕೆ ವಾಲಿಕೊಂಡು ಇಳಿಯಿತು.

ಜೋಂಕರ್ ಎಂದರೆ ಮೊಲದ ತುಪ್ಪಳದ ಪಟ್ಟಿಯನ್ನು ಬೆನ್ನಿಗೆ ಕಟ್ಟಿದ್ದು. ನೀರಿನಲ್ಲಿ ಅದರಷ್ಟು ಸುಂದರವಾಗಿ ಬಳುಕುವುದು ಇನ್ನೊಂದಿಲ್ಲ, ಒದ್ದೆಯಾದ ಮೇಲೆ ಅದರಷ್ಟು ಭಾರವಾಗುವುದೂ ಇನ್ನೊಂದಿಲ್ಲ. ಏಳನೇ ತೂಕದ ಲೈನಿಗೆ ತಕ್ಕ ರಾಡಿನಲ್ಲಿ, ಅಂದರೆ ಗಾಳದ ಕೋಲಿನಲ್ಲಿ, ಗಾಳಿಗೆ ಎದುರಾಗಿ ಎಸೆಯಲು ನನ್ನ ಭುಜಕ್ಕೆ ಆಗಲಿಲ್ಲ. ಎಂಟನೇ ತೂಕದ ರಾಡ್ ಇರುವವರು ತೆಗೆದುಕೊಳ್ಳಲಿ.

ತೋಟದ ಕೆರೆಯಲ್ಲಿ ಇವನ್ನು ಎಸೆದದ್ದು ಕೊರವ ಮೀನಿಗೆ. ಟ್ರೌಟ್‌ಗೂ ಕೊರವಕ್ಕೂ ವಂಶದಲ್ಲಿ ಯಾವ ನಂಟೂ ಇಲ್ಲ, ಆದರೆ ಎರಡೂ ಹೊಂಚುಹಾಕುವ ಬೇಟೆಗಾರರು, ಎರಡಕ್ಕೂ ಮರಿಮೀನು ಇಷ್ಟ. ಜೊಂಡಿನ ಅಂಚಿನಲ್ಲಿ ಕಪ್ಪು ಬಗ್ಗರ್ ಎಳೆದು ಎರಡು ಬೆಳಗಿನಲ್ಲಿ ಐದು ಕೊರವ ಹಿಡಿದೆ. ಕೆಂಪು ಮರಿಗಳ ಹಿಂಡನ್ನು ಕಾಯುತ್ತಿದ್ದ ಒಂದು ಜೋಡಿ ಕಂಡಿತು, ಅದರತ್ತ ಎಸೆಯಲಿಲ್ಲ. ಕಾವಲಿನ ಮೀನನ್ನು ತೆಗೆದರೆ ಹಿಂಡೇ ಜಿಲೇಬಿ ಮೀನುಗಳ ಪಾಲಾಗುತ್ತದೆ. ಕೊರವದ ಹಲ್ಲು ಟ್ರೌಟ್‌ನ ಹಲ್ಲಿಗಿಂತ ಕ್ರೂರ. ಐದು ಮೀನು ಕಚ್ಚಿದ ಮೇಲೆಯೂ ತಂತಿ ಸುತ್ತಿದ ಆ ಬಗ್ಗರ್‌ನ ಗರಿ ಮೂರು ಕಡೆ ಕತ್ತರಿಸಿದ್ದರೂ ಬಿಚ್ಚಿರಲಿಲ್ಲ. ಕೊಕ್ಕೆ ಚೂರೂ ತೆರೆದುಕೊಂಡಿರಲಿಲ್ಲ.

ಸೆಪ್ಟೆಂಬರ್ ಎರಡನೆಯ ವಾರದಲ್ಲಿ ನಾರಾನಾಗ್‌ನಿಂದ ಹತ್ತಿ ನುಂದ್‌ಕೋಲ್ ತಲುಪಿದೆವು. ಸಮುದ್ರಮಟ್ಟದಿಂದ ಸುಮಾರು 3500 ಮೀಟರ್ ಎತ್ತರದಲ್ಲಿ, ಹರಮುಖ್‌ನ ಹಿಮದ ಗೋಡೆಯ ಅಡಿಯಲ್ಲೇ ಇರುವ ಸಣ್ಣ ಸರೋವರ ಅದು. ಮೇಲಿನ ದೊಡ್ಡ ಸರೋವರ ಗಂಗಾಬಲ್‌ನಿಂದ ಒಂದು ತೊರೆ ಇಳಿದು ಇದಕ್ಕೆ ಸೇರುತ್ತದೆ, ಇದರಿಂದ ಹೊರಟ ನೀರು ವಾಂಗತ್ ನಾಲೆಯಾಗಿ ಸಿಂಧ್ ನದಿಯತ್ತ (ಇದು ಸಿಂಧೂ ಅಲ್ಲ, ಝೀಲಂನ ಉಪನದಿ) ಹೋಗುತ್ತದೆ. ಗಾಳ ಹಾಕಲು ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು, ಟ್ರೌಟ್ ಹಿಡಿಯುವ ಕಾಲ ಸೆಪ್ಟೆಂಬರ್ ಕೊನೆಗೆ ಮುಗಿಯುತ್ತದೆ. ಆ ಕೊನೆಯ ವಾರಗಳನ್ನೇ ನಾನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಕಂದು ಟ್ರೌಟ್ ಮೊಟ್ಟೆಯಿಡುವುದು ಶರತ್ಕಾಲದ ಕೊನೆಯಲ್ಲಿ, ಹರಿಯುವ ನೀರಿನ ಜಲ್ಲಿಕಲ್ಲಿನ ನಡುವೆ. ಅದಕ್ಕೆ ಮುಂಚಿನ ವಾರಗಳಲ್ಲಿ ದೊಡ್ಡ ಮೀನುಗಳು ತೊರೆಯ ಬಾಯಿಯ ಕಡೆ ಸರಿಯತೊಡಗುತ್ತವೆ, ಅವುಗಳ ಸಿಟ್ಟೂ ಹಸಿವೂ ಹೆಚ್ಚುತ್ತದೆ. ಸಣ್ಣ ಸರೋವರದಲ್ಲಿ ತೊರೆಯ ಬಾಯಿ ಇರುವುದು ಒಂದೋ ಎರಡೋ. ಎಲ್ಲಿ ನಿಲ್ಲಬೇಕೆಂಬ ಪ್ರಶ್ನೆಗೆ ಅಲ್ಲೇ ಉತ್ತರ ಸಿಗುತ್ತದೆ.

ನನ್ನ ಲೈನ್ ಸೆಕೆಂಡಿಗೆ ಸುಮಾರು ಮೂರು ಇಂಚು ಮುಳುಗುವ ಬಗೆಯದು. ಇಪ್ಪತ್ತು ಎಣಿಸಿದರೆ ಐದಡಿ ಆಳ. ಲೀಡರ್, ಅಂದರೆ ಲೈನಿನ ತುದಿಗೂ ಫ್ಲೈಗೂ ನಡುವೆ ಕಟ್ಟುವ ತೆಳು ದಾರ, ನಾಲ್ಕಡಿಗಿಂತ ಉದ್ದವಿರಲಿಲ್ಲ, 0.28 ಮಿಲಿಮೀಟರ್ ದಪ್ಪದ ಫ್ಲೂರೋಕಾರ್ಬನ್ ದಾರ. ಮುಳುಗುವ ಲೈನಿಗೆ ಉದ್ದ ಲೀಡರ್ ಕಟ್ಟುವ ತಪ್ಪನ್ನು ಹಲವರು ಮಾಡುತ್ತಾರೆ. ಲೈನ್ ತಳಕ್ಕೆ ಹೋಗುತ್ತದೆ, ಫ್ಲೈ ಮಾತ್ರ ಮೇಲೆಯೇ ತೇಲಾಡುತ್ತದೆ. ರಾಡಿಗೆ ಸುರಿಯುವ ಹಣದಲ್ಲಿ ಅರ್ಧವನ್ನು ಒಳ್ಳೆಯ ಮುಳುಗುವ ಲೈನಿಗೆ ಇಟ್ಟರೆ ಸ್ಟ್ರೀಮರ್ ಕೆಲಸಕ್ಕೆ ಹೆಚ್ಚು ಲಾಭವೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಮೊದಲ ದಿನ ಹಗಲಲ್ಲಿ ಆಲಿವ್ ಬಗ್ಗರ್‌ಗೆ ಗೇಣುದ್ದದ ಮೂರು ಮೀನು ಬಂದವು, ಬಿಟ್ಟೆ. ಕ್ಲೌಸರ್‌ಗೆ ಒಂದು. ಸಂಜೆ ಸೂರ್ಯ ಬೆಟ್ಟದ ಹಿಂದೆ ಸರಿದು ನೀರು ಸೀಸದ ಬಣ್ಣಕ್ಕೆ ತಿರುಗಿದಾಗ, ಅಂಗಡಿಯವರ ಉಣ್ಣೆ ತಲೆಯ ಮಡ್ಲರ್ ಕಟ್ಟಿದೆ.

ಈ ಮಡ್ಲರ್ ಬಗ್ಗೆ ನಿಂತು ಹೇಳಬೇಕು. 1930ರ ದಶಕದಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದ ನಿಪಿಗನ್ ನದಿಯಲ್ಲಿ ಡಾನ್ ಗೇಪೆನ್ ಕಟ್ಟಿದ ಮೂಲ ಮಾದರಿಯಲ್ಲಿ ತಲೆಗೆ ಜಿಂಕೆಯ ಕೂದಲನ್ನು ತಿರುಗಿಸಿ ಕಟ್ಟಿ, ಗುಂಡಗೆ ಕತ್ತರಿಸುತ್ತಾರೆ. ಜಿಂಕೆಯ ಕೂದಲಿನ ಒಳಗೆ ಗಾಳಿ ತುಂಬಿದ ಪೊಳ್ಳು ಕೋಶಗಳಿರುವುದರಿಂದ ಆ ತಲೆ ತೇಲಲು ನೋಡುತ್ತದೆ, ಫ್ಲೈಯನ್ನು ಮೇಲಕ್ಕೆಳೆಯುತ್ತದೆ. ಕುರಿಯ ಉಣ್ಣೆ ಹಾಗಲ್ಲ, ನೀರು ಕುಡಿದು ಮುಳುಗುತ್ತದೆ. ಜಿಂಕೆಯ ಕೂದಲು ಬಳಸಲಾಗದ ಅನಿವಾರ್ಯತೆಯಿಂದ ಇವರು ಉಣ್ಣೆಗೆ ಹೋದದ್ದು ನಿಂತ ನೀರಿನ ಮೀನುಗಾರನಿಗೆ ವರವಾಗಿದೆ. ಅಗಲವಾಗಿ, ಸ್ವಲ್ಪ ಚಪ್ಪಟೆಯಾಗಿ ಕತ್ತರಿಸಿದ ಆ ತಲೆ ನೀರನ್ನು ತಳ್ಳುತ್ತಾ ಹೋಗುವಾಗ ಹಿಂದಿನ ಬಾಲ ತಾನಾಗಿ ಅಲುಗಾಡುತ್ತದೆ. ಕತ್ತಲಲ್ಲಿ ಟ್ರೌಟ್ ಕಣ್ಣಿಗಿಂತ ಮೈಪಕ್ಕದ ಗೆರೆಯಿಂದ ಆ ತಳ್ಳಾಟವನ್ನು ಗ್ರಹಿಸುತ್ತದೆ. ಅಂಗಡಿಯವರು ಉಣ್ಣೆಯನ್ನು ಮೂರು ಪದರವಾಗಿ, ಪ್ರತಿ ಪದರವನ್ನೂ ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಹಿಂದಕ್ಕೆ ಬಾಚಿ ಕಟ್ಟಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಒಂದು ತಲೆಗೆ ಇಪ್ಪತ್ತು ನಿಮಿಷ ಹಿಡಿದಿತ್ತು.

ತೊರೆಯ ಬಾಯಿಯಿಂದ ಹತ್ತು ಗಜ ಪಕ್ಕಕ್ಕೆ, ನೀರು ತಟ್ಟನೆ ಆಳವಾಗುವ ಅಂಚಿನ ಮೇಲೆ ಕಪ್ಪು ಮಡ್ಲರ್ ಎಸೆದೆ. ಹದಿನೈದು ಎಣಿಸಿ, ಎರಡು ಉದ್ದ ಎಳೆತ, ಒಂದು ನಿಲುಗಡೆ. ನಾಲ್ಕನೆಯ ಎಸೆತದಲ್ಲಿ ಎಳೆಯುವಾಗ ಲೈನ್ ಒಮ್ಮೆ ಕುಟ್ಟಿದಂತಾಯಿತು, ಮೀನು ಬಾಯಿ ಮುಚ್ಚಿಕೊಂಡೇ ಫ್ಲೈಗೆ ಢಿಕ್ಕಿ ಹೊಡೆದಿತ್ತು. ಆಗ ಗಾಬರಿಯಿಂದ ರಾಡ್ ಎತ್ತಿದರೆ ಎಲ್ಲ ಮುಗಿಯಿತು, ಫ್ಲೈ ಮೀನಿನ ಮುಂದಿನಿಂದ ಹಾರಿಹೋಗುತ್ತದೆ. ಎಳೆಯುವುದನ್ನು ನಿಲ್ಲಿಸಿದೆ. ಪೆಟ್ಟು ತಿಂದ ಮರಿಮೀನಿನಂತೆ ಮಡ್ಲರ್ ತಲೆ ತಗ್ಗಿಸಿ ಇಳಿಯುತ್ತಿರಬೇಕು. ಎರಡು ಸೆಕೆಂಡ್ ಕಳೆದಿರಬಹುದು, ಲೈನ್ ಮೆಲ್ಲಗೆ ಬಿಗಿಯಾಗಿ ಪಕ್ಕಕ್ಕೆ ಸರಿಯಿತು. ರಾಡನ್ನು ನೀರಿನತ್ತ ನೇರವಾಗಿಟ್ಟುಕೊಂಡೇ ಎಡಗೈಯಿಂದ ಲೈನನ್ನು ಜೋರಾಗಿ ಹಿಂದಕ್ಕೆಳೆದೆ, ಕೊಕ್ಕೆ ನಾಟಿತು. ಹನ್ನೆರಡು ನಿಮಿಷದ ಮೇಲೆ ಬಲೆಗೆ ಬಂದದ್ದು 51 ಸೆಂಟಿಮೀಟರ್ ಉದ್ದದ ಗಂಡು ಮೀನು. ಕೆಳದವಡೆ ಮೇಲಕ್ಕೆ ಬಾಗತೊಡಗಿತ್ತು, ಹೊಟ್ಟೆ ಬೆಣ್ಣೆಯ ಹಳದಿ, ಪಕ್ಕೆಯ ಕೆಂಪು ಚುಕ್ಕೆಗಳ ಸುತ್ತ ತಿಳಿನೀಲಿ ಉಂಗುರ. ಕೊಕ್ಕೆಯ ಮೊನೆಯ ಹಿಮ್ಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿಸಿದ್ದರಿಂದ ಕೊಕ್ಕೆ ಬೆರಳಿನ ಒಂದು ತಿರುವಿಗೆ ಹೊರಬಂತು. ನೀರಿನಲ್ಲಿ ಹಿಡಿದು ನಿಲ್ಲಿಸಿದೆ, ಬಾಲ ಬೀಸಿ ಹೋಯಿತು.

ಮೂರು ಸಂಜೆಗಳಲ್ಲಿ ಒಂದೂವರೆ ಅಡಿ ದಾಟಿದ ನಾಲ್ಕು ಮೀನುಗಳು ಬಂದವು. ನಾಲ್ಕೂ ಉಣ್ಣೆ ತಲೆಯ ಮಡ್ಲರ್‌ಗೇ ಬಂದವು, ಅವುಗಳಲ್ಲಿ ಮೂರು ಕಚ್ಚಿದ್ದು ಎಳೆತ ನಿಂತಾಗ. ಎರಡನೆಯ ಸಂಜೆ ಒಂದು ಮಡ್ಲರ್ ಬಂಡೆಗೆ ಸಿಕ್ಕಿ ಹೋಯಿತು. ಉಳಿದ ಮೂರರ ಉಣ್ಣೆ ಒಂದೆಡೆ ಸ್ವಲ್ಪ ಜಗ್ಗಿದೆ, ಬ್ರಷ್ಷಿನಲ್ಲಿ ಬಾಚಿದರೆ ಸರಿಹೋಗುತ್ತದೆ. ಒದ್ದೆ ಉಣ್ಣೆ ಮಾತ್ರ ಬೇಗ ಒಣಗುವುದಿಲ್ಲ. ಹಾಗೆಯೇ ಪೆಟ್ಟಿಗೆಗೆ ಹಾಕಿದ್ದಕ್ಕೆ ಒಂದರ ಕೊಕ್ಕೆಗೆ ಮೂರನೆಯ ದಿನ ತುಕ್ಕು ಕಂಡಿತು. ಆಮೇಲೆ ರಾತ್ರಿ ಗುಡಾರದ ಹಗ್ಗಕ್ಕೆ ಸಿಕ್ಕಿಸಿ ಒಣಗಿಸತೊಡಗಿದೆ.

ಬೆಲೆಯ ವಿಷಯಕ್ಕೆ ಬಂದರೆ, ಮಡ್ಲರ್‌ನ 260 ರೂಪಾಯಿ ನನಗೆ ಹೆಚ್ಚೆನಿಸಲಿಲ್ಲ, ಬಗ್ಗರ್‌ನ 140 ನ್ಯಾಯವಾದದ್ದು. ಕ್ಲೌಸರ್‌ಗೆ ಕೇಳುವ 180 ಈಗಿನ ರೂಪದಲ್ಲಿ ಹೆಚ್ಚೇ. ಊರಿಗೆ ಬಂದ ಮೇಲೆ ವಾಲಿಕೊಂಡ ಆ ಕ್ಲೌಸರನ್ನೂ, ಕೂದಲು ಸುತ್ತಿಕೊಂಡ ಇನ್ನೊಂದನ್ನೂ ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಅವರು ಗಾಜಿನ ತೊಟ್ಟಿಯಲ್ಲಿ ಅದನ್ನು ನಾಲ್ಕು ಸಲ ಇಳಿಸಿ ನೋಡಿ, ಕಣ್ಣುಗಳನ್ನು ಕೊಕ್ಕೆಯ ರಂಧ್ರದಿಂದ ದಂಡಿನ ಮೂರನೇ ಒಂದು ಭಾಗದಷ್ಟು ಹಿಂದಕ್ಕೆ ಸರಿಸಿದ ಗುರುತನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಂಡರು. ಮೇಕೆಯ ಕೂದಲಿನ ಬುಡಕ್ಕೆ ಒಂದು ಹನಿ ರಾಳ ಹಚ್ಚಿ ಬಿರುಸು ಕೊಡಬಹುದೇ ಎಂದು ನಾನು ಕೇಳಿದ್ದಕ್ಕೆ, ಬಾಗಿನ ಮೇಲೆ ಕೂದಲಿಗೆ ಆನಿಕೆಯಾಗುವಂತೆ ದಪ್ಪ ನೈಲಾನಿನ ಒಂದು ಕುಣಿಕೆ ಕಟ್ಟಿದರೆ ಸುತ್ತಿಕೊಳ್ಳುವುದೇ ನಿಲ್ಲುತ್ತದೆ ಎಂದರು. ಆ ಎರಡು ತಿದ್ದುಪಡಿಗಳೊಂದಿಗೆ ನಾಲ್ಕು ಕ್ಲೌಸರ್, ಕಂದು ಬಣ್ಣದಲ್ಲಿ ಆರು ಮಡ್ಲರ್ ಕಟ್ಟಲು ಹೇಳಿ ಮುಂಗಡ ಕೊಟ್ಟು ಬಂದಿದ್ದೇನೆ. ಸಿಗುವುದು ಕಾಫಿ ಕೊಯ್ಲು ಮುಗಿದ ಮೇಲೆ.